ನಂಬರ್ ಏರುವಾಗ ಕಣ್ಣಿನೊಳಗೆ ಆಗುವುದೇನು?

ವರ್ಷ ವರ್ಷ ಮಕ್ಕಳ ಕನ್ನಡಕ ಬದಲಿಸುತ್ತಿರುವ ತಂದೆತಾಯಂದಿರೇ,

ಶಾಲೆ ಶುರುವಾಗುವ ಹೊತ್ತಿಗೆ ಕನ್ನಡಕದಂಗಡಿಗಳಲ್ಲಿ ಮಕ್ಕಳ ಸಂಖ್ಯೆ ಹೆಚ್ಚುತ್ತದೆ. ಹೋದ ವರ್ಷ ಮೈನಸ್ ಒಂದೂವರೆ ಇದ್ದದ್ದು ಈ ವರ್ಷ ಎರಡೂಕಾಲು ಆಗಿರುತ್ತದೆ. ಹೊಸ ಗಾಜು ಹಾಕಿಸಿದ ಕೂಡಲೇ ಮಗುವಿಗೆ ಬೋರ್ಡಿನ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ, ಮನೆಯವರಿಗೆ ನೆಮ್ಮದಿಯಾಗುತ್ತದೆ, ಆ ವಿಷಯ ಮುಂದಿನ ಜೂನ್‌ವರೆಗೆ ಮರೆತುಹೋಗುತ್ತದೆ. ಕನ್ನಡಕ ಮಸುಕನ್ನು ಸರಿಪಡಿಸಿತು ನಿಜ. ಆದರೆ ಮಸುಕಿಗೆ ಕಾರಣವಾದದ್ದು ಕಣ್ಣಿನೊಳಗೆ ಹಾಗೇ ನಡೆಯುತ್ತಿದೆ. ಅದರ ಬಗ್ಗೆ ನಿಮ್ಮ ಹತ್ತಿರ ಯಾರಾದರೂ ಕುಳಿತು ಮಾತಾಡಿದ್ದಾರೋ ಇಲ್ಲವೋ. ಬಹುಪಾಲು ಮನೆಗಳಿಗೆ ಆ ಮಾತು ಮುಟ್ಟಿಲ್ಲ ಎನ್ನುವುದೇ ಈ ಪತ್ರಕ್ಕೆ ಕಾರಣ.

ಕನ್ನಡಕದ ನಂಬರ್ ಹೇಳುವುದು ಇಷ್ಟೇ: ಹೊರಗಿನಿಂದ ಬಂದ ಬೆಳಕು ಅಕ್ಷಿಪಟಲವನ್ನು, ಅಂದರೆ ಕಣ್ಣಿನ ಹಿಂಬದಿಯ ರೆಟಿನಾ ಪದರವನ್ನು, ಮುಟ್ಟುವ ಮೊದಲೇ ಒಂದುಗೂಡಿಬಿಡುತ್ತಿದೆ; ಅದನ್ನು ಹಿಂದಕ್ಕೆ ಸರಿಸಲು ಇಷ್ಟು ಶಕ್ತಿಯ ಮಸೂರ ಬೇಕು. ಬೆಳಕು ಯಾಕೆ ಮೊದಲೇ ಒಂದುಗೂಡುತ್ತಿದೆ ಎಂದು ಕೇಳಿದರೆ, ಶಾಲಾಮಕ್ಕಳಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಒಂದೇ. ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಬೇಕಾದ್ದಕ್ಕಿಂತ ಉದ್ದ ಬೆಳೆದಿದೆ.

ಹುಟ್ಟಿದ ಕೂಸಿನ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರ್. ಮೊದಲ ಎರಡು ಮೂರು ವರ್ಷ ಅದು ಭರದಿಂದ ಬೆಳೆಯುತ್ತದೆ. ಆಮೇಲೆ ವೇಗ ತಗ್ಗಿ, ದೊಡ್ಡವರಾಗುವಷ್ಟರಲ್ಲಿ 23-24 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಸಮೀಪದೃಷ್ಟಿ, ಅಂದರೆ ಮೈನಸ್ ನಂಬರ್, ಬಂದ ಮಗುವಿನಲ್ಲಿ ಈ ನಿಲ್ಲುವ ಕೆಲಸ ತಡವಾಗುತ್ತದೆ. ಅಳತೆಗಿಂತ ಒಂದು ಮಿ.ಮೀ. ಹೆಚ್ಚು ಬೆಳೆದರೆ ನಂಬರಿನಲ್ಲಿ ಎರಡೂವರೆಯಿಂದ ಮೂರು ಡಯಾಪ್ಟರ್ ಏರಿಕೆ. ಮೈನಸ್ ಆರು ಮುಟ್ಟಿದ ಕಣ್ಣು ಸಾಮಾನ್ಯವಾಗಿ 26 ಮಿ.ಮೀ. ಹತ್ತಿರ ಬಂದಿರುತ್ತದೆ. ಒಮ್ಮೆ ಹೀಗೆ ಬೆಳೆದ ಉದ್ದ ಮತ್ತೆ ಮೊದಲಿನ ಅಳತೆಗೆ ಬರುವುದಿಲ್ಲ. ಏಳನೇ ವಯಸ್ಸಿಗೆ ಮೈನಸ್ ಒಂದಿದ್ದ ಮಗುವಿಗೆ ವರ್ಷಕ್ಕೆ ಮುಕ್ಕಾಲು ನಂಬರ್ ಏರುತ್ತಾ ಹೋದರೆ ಹದಿನಾಲ್ಕಕ್ಕೆ ಆರನ್ನು ದಾಟಿರುತ್ತದೆ. ಸಮೀಪದೃಷ್ಟಿ ಎಷ್ಟು ಚಿಕ್ಕ ವಯಸ್ಸಿಗೆ ಬರುತ್ತದೋ ಕೊನೆಯ ನಂಬರ್ ಅಷ್ಟು ದೊಡ್ಡದಾಗುವ ಸಾಧ್ಯತೆ ಇದೆ ಎಂದು ವೈದ್ಯರು ಒತ್ತಿ ಹೇಳುವುದು ಇದೇ ಲೆಕ್ಕದಿಂದ.

ಈಗ ಆ ಹೆಚ್ಚುವರಿ ಉದ್ದ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಕಣ್ಣಿನ ಗೋಡೆಯಲ್ಲಿ ಮೂರು ಪದರಗಳಿವೆ. ಹೊರಗೆ ಬಿಳಿಯ ಗಟ್ಟಿ ಪದರ ಸ್ಕ್ಲೀರಾ, ನಡುವೆ ರಕ್ತನಾಳಗಳಿಂದ ತುಂಬಿದ ಕೋರಾಯ್ಡ್, ಒಳಗೆ ಬೆಳಕನ್ನು ಗ್ರಹಿಸುವ ರೆಟಿನಾ. ಜೋಳದ ರೊಟ್ಟಿ ತಟ್ಟುವವರಿಗೆ ಗೊತ್ತು, ಹಿಟ್ಟಿನ ಉಂಡೆ ಅಷ್ಟೇ ಇದ್ದು ರೊಟ್ಟಿ ಅಗಲವಾದರೆ ಅದು ತೆಳುವಾಗಲೇಬೇಕು. ಕಣ್ಣಿನಲ್ಲೂ ಆಗುವುದು ಬಹುಮಟ್ಟಿಗೆ ಇದೇ, ಅದರಲ್ಲೂ ಹಿಂಬದಿಯಲ್ಲಿ. ಆದರೆ ಸ್ಕ್ಲೀರಾ ಸುಮ್ಮನೆ ಜಗ್ಗಿದ್ದಕ್ಕೆ ತೆಳುವಾಗುವುದಿಲ್ಲ. ಅದು ಜೀವಂತ ಅಂಗಾಂಶ. ತನ್ನನ್ನು ತಾನೇ ಕರಗಿಸಿ ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಸಮೀಪದೃಷ್ಟಿ ಏರುತ್ತಿರುವ ಕಣ್ಣಿನಲ್ಲಿ, ಈ ಪದರಕ್ಕೆ ಗಟ್ಟಿತನ ಕೊಡುವ ಕೊಲಾಜನ್ ಎಂಬ ಪ್ರೋಟೀನನ್ನು ಕಟ್ಟುವ ಕೆಲಸ ಕುಂಠಿತವಾಗಿ, ಅದನ್ನು ಕರಗಿಸುವ ಕಿಣ್ವಗಳ ಚಟುವಟಿಕೆ ಹೆಚ್ಚುತ್ತದೆ. ಕಾಲಕ್ರಮೇಣ ಕೊಲಾಜನ್ ಎಳೆಗಳ ದಪ್ಪವೂ ಕಡಿಮೆಯಾಗುತ್ತದೆ. ಹೀಗೆ ಮೆದುವಾದ ಗೋಡೆ ಕಣ್ಣಿನೊಳಗಿನ ಮಾಮೂಲಿ ಒತ್ತಡಕ್ಕೇ ಹಿಂದಕ್ಕೆ ಜರುಗುತ್ತದೆ. ಟ್ರೀ ಶ್ರೂ ಎಂಬ ಅಳಿಲಿನಂಥ ಪುಟ್ಟ ಪ್ರಾಣಿಯ ಮೇಲೆ ನಡೆದ ಪ್ರಯೋಗಗಳಿಂದ ಇದು ಚೆನ್ನಾಗಿ ತಿಳಿದುಬಂದಿದೆ. ಅತಿ ಹೆಚ್ಚು ನಂಬರಿನ ವಯಸ್ಕರ ಕಣ್ಣಿನಲ್ಲಿ ಹಿಂಬದಿಯ ಸ್ಕ್ಲೀರಾ ಸಾಮಾನ್ಯ ದಪ್ಪದ ಅರ್ಧಕ್ಕಿಂತಲೂ ತೆಳುವಾಗಿರುವುದುಂಟು.

ನಡುವಿನ ಕೋರಾಯ್ಡ್ ಪದರದ ಕಥೆ ಇನ್ನಷ್ಟು ಗಮನಿಸಬೇಕಾದದ್ದು. ರೆಟಿನಾದ ಹೊರಪದರಕ್ಕೆ ಆಮ್ಲಜನಕ, ಆಹಾರ ಒದಗಿಸುವುದು ಇದೇ. ಆರೋಗ್ಯವಂತ ಕಣ್ಣಿನಲ್ಲಿ, ತೀಕ್ಷ್ಣ ದೃಷ್ಟಿಯ ಕೇಂದ್ರದ ಕೆಳಗೆ ಇದರ ದಪ್ಪ ಸುಮಾರು 300 ಮೈಕ್ರಾನ್, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಕಮ್ಮಿ. ತೀವ್ರ ಸಮೀಪದೃಷ್ಟಿಯಲ್ಲಿ ಅದು 100 ಮೈಕ್ರಾನಿಗಿಂತ ಕೆಳಕ್ಕೆ ಇಳಿಯಬಹುದು. ಬೆಳಕಿನಿಂದ ಕಣ್ಣಿನ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್ ಬಂದ ಮೇಲೆ ಮಕ್ಕಳಲ್ಲೂ ಇದನ್ನು ನೋವಿಲ್ಲದೆ ನಿಮಿಷಗಳಲ್ಲಿ ಅಳೆಯಬಹುದಾಗಿದೆ. ಅಳೆದು ನೋಡಿದಾಗ ಕಂಡದ್ದು ಏನೆಂದರೆ, ನಂಬರ್ ಏರುತ್ತಿರುವ ಮಕ್ಕಳಲ್ಲಿ ಕೋರಾಯ್ಡ್ ತೆಳುವಾಗುವುದು ದೊಡ್ಡವರಾಗುವವರೆಗೆ ಕಾಯುವುದಿಲ್ಲ. ಶಾಲಾ ವಯಸ್ಸಿನಲ್ಲೇ, ಮೈನಸ್ ಮೂರು ನಾಲ್ಕರ ಹಂತದಲ್ಲೇ, ವ್ಯತ್ಯಾಸ ಗೊತ್ತಾಗುತ್ತದೆ. ಪಾಪೆ ಅಗಲಿಸಿ ನೋಡಿದರೆ ಕೆಲವು ಮಕ್ಕಳ ಕಣ್ಣಿನ ಹಿಂಬದಿಯಲ್ಲಿ ಕೋರಾಯ್ಡಿನ ದೊಡ್ಡ ರಕ್ತನಾಳಗಳು ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಅವನ್ನು ಮರೆಮಾಡಬೇಕಿದ್ದ ಪದರಗಳು ತೆಳುವಾಗಿವೆ ಎಂದು ಅದರರ್ಥ.

ದೃಷ್ಟಿನರ ಕಣ್ಣಿನಿಂದ ಹೊರಡುವ ಜಾಗದಲ್ಲೂ ಗುರುತು ಬೀಳುತ್ತದೆ. ಮಗುವಿನ ಕಣ್ಣಿನಲ್ಲಿ ಗುಂಡಗಿರಬೇಕಾದ, ತಟ್ಟೆಯಂಥ ಆ ಜಾಗ ನಿಧಾನಕ್ಕೆ ಓರೆಯಾಗಿ, ಕಿವಿಯ ಕಡೆಯ ಅಂಚಿನಲ್ಲಿ ಬಿಳಿಚಿದ ಅರ್ಧಚಂದ್ರದಂಥ ಒಂದು ಪ್ರದೇಶ ಮೂಡುತ್ತದೆ. ದಕ್ಷಿಣ ಕೊರಿಯಾದ ವೈದ್ಯರು ಒಂದೇ ಗುಂಪಿನ ಮಕ್ಕಳ ಕಣ್ಣಿನ ಚಿತ್ರಗಳನ್ನು ವರ್ಷಗಟ್ಟಲೆ ತೆಗೆದು ಹೋಲಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಮೊದಲ ಚಿತ್ರದಲ್ಲಿ ಸರಿಯಾಗಿದ್ದ ತಟ್ಟೆ ನಂಬರ್ ಏರುತ್ತಾ ಹೋದಂತೆ ಓರೆಯಾದದ್ದನ್ನೂ ಅರ್ಧಚಂದ್ರ ಅಗಲವಾದದ್ದನ್ನೂ ಅಲ್ಲಿ ನೋಡಬಹುದು. ಹುಟ್ಟಿನಿಂದಲೇ ಹಾಗಿರುತ್ತದೆ ಎಂದುಕೊಂಡಿದ್ದ ಒಂದು ಲಕ್ಷಣ ಬಾಲ್ಯದಲ್ಲಿ ಕಣ್ಣೆದುರೇ ಬೆಳೆಯುತ್ತದೆ ಎಂದು ಇದರಿಂದ ಸ್ಪಷ್ಟವಾಯಿತು.

ಇವೆಲ್ಲ ಕಂಡೊಡನೆ ಗಾಬರಿಯಾಗಬೇಡಿ. ಅರ್ಧಚಂದ್ರವಾಗಲಿ ಪಟ್ಟೆಗಳಾಗಲಿ ಸಾಮಾನ್ಯ ಸಮೀಪದೃಷ್ಟಿಯ ಲಕ್ಷಾಂತರ ಜನರಲ್ಲಿವೆ. ಅವರಲ್ಲಿ ಹೆಚ್ಚಿನವರು ಜೀವನಪೂರ್ತಿ ಕನ್ನಡಕ ಹಾಕಿಕೊಂಡು ಚೆನ್ನಾಗಿಯೇ ನೋಡುತ್ತಾರೆ. ಎಲ್ಲ ಬದಲಾವಣೆಗಳೂ ಒಂದೇ ತೂಕದವಲ್ಲ ಎಂಬುದನ್ನು ಟೋಕಿಯೊದ ನೇತ್ರವೈದ್ಯೆ ಕ್ಯೋಕೊ ಓನೊ-ಮಾತ್ಸುಯಿ ಅವರ ತಂಡ ತೋರಿಸಿದೆ. ದಶಕಗಳಿಂದ ತೀವ್ರ ಸಮೀಪದೃಷ್ಟಿಯವರನ್ನೇ ನೋಡಿಕೊಳ್ಳುವ ಅವರ ಚಿಕಿತ್ಸಾಲಯದಲ್ಲಿ ಬಾಲ್ಯದ ಕಣ್ಣಿನ ಚಿತ್ರಗಳೂ ಉಳಿದಿದ್ದವು. ದೊಡ್ಡವರಾದ ಮೇಲೆ ರೆಟಿನಾ ಹಾಳಾದವರ ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ, ಅಂಥ 35 ಕಣ್ಣುಗಳ ಪೈಕಿ 29ರಲ್ಲಿ ದೃಷ್ಟಿನರದ ಸುತ್ತ ಹಳದಿ ಮಿಶ್ರಿತ ಬಿಳುಪಿನ ಹರಡಿದ ಸವೆತ ಬಾಲ್ಯದಲ್ಲೇ ಇತ್ತು. 2016ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಆದರೆ ತಂದೆತಾಯಂದಿರ ಮಟ್ಟಿಗೆ ಅದರ ಮಾತು ದೊಡ್ಡದು. ಯಾವ ಮಗುವಿಗೆ ಹೆಚ್ಚಿನ ನಿಗಾ ಬೇಕು ಎಂದು ತಿಳಿಯಲು ನಲವತ್ತು ವರ್ಷ ಕಾಯಬೇಕಿಲ್ಲ. ಬಾಲ್ಯದಲ್ಲೇ ಸುಳಿವು ಸಿಗಬಹುದು. ಸಿಗಬೇಕಾದರೆ ಯಾರಾದರೂ ಒಳಗೆ ನೋಡಿರಬೇಕು. ಅಂಗಡಿಯ ಕಂಪ್ಯೂಟರ್ ಪರೀಕ್ಷೆಯಲ್ಲಿ ನಂಬರ್ ಬರುತ್ತದೆ, ರೆಟಿನಾ ಕಾಣುವುದಿಲ್ಲ.

ಮುಂದಿನ ಅಪಾಯ ಎಷ್ಟು ಎಂದು ಕೇಳುವವರಿಗೆ ನೆದರ್ಲೆಂಡ್ಸ್‌ನಿಂದ 2016ರಲ್ಲಿ ಬಂದ ಒಂದು ಲೆಕ್ಕ ಇದೆ. 75ನೇ ವಯಸ್ಸಿನ ಹೊತ್ತಿಗೆ ದೃಷ್ಟಿ ಗಂಭೀರವಾಗಿ ಕುಂದುವ ಸಾಧ್ಯತೆ, ಕಣ್ಣಿನ ಉದ್ದ 24ರಿಂದ 26 ಮಿ.ಮೀ. ನಡುವೆ ಇದ್ದವರಲ್ಲಿ ಶೇ. 3.8. 30 ಮಿ.ಮೀ. ಮುಟ್ಟಿದವರಲ್ಲಿ ಶೇ. 90ಕ್ಕೂ ಹೆಚ್ಚು. ಅಷ್ಟು ಉದ್ದದ ಕಣ್ಣು ಅಪರೂಪ. ಆದರೂ ಈ ಎರಡು ಅಂಕಿಗಳ ನಡುವಿನ ದಾರಿಯಲ್ಲಿ ಪ್ರತಿ ಅರ್ಧ ಮಿಲಿಮೀಟರಿಗೂ ಬೆಲೆ ಇದೆ. ಸಂಶೋಧಕರಾದ ಮಾರ್ಕ್ ಬುಲಿಮೋರ್ ಮತ್ತು ನೋಯೆಲ್ ಬ್ರೆನ್ನನ್ 2019ರಲ್ಲಿ ಬೇರೆ ಬೇರೆ ದೇಶಗಳ ಅಂಕಿಅಂಶ ಒಟ್ಟುಮಾಡಿ ನೋಡಿದಾಗ, ಏರಿಕೆಯನ್ನು ಒಂದೇ ಒಂದು ಡಯಾಪ್ಟರ್ ತಡೆದರೂ ರೆಟಿನಾದ ಕೇಂದ್ರ ಹಾಳಾಗುವ ಅಪಾಯ ಸುಮಾರು ಶೇ. 40ರಷ್ಟು ತಗ್ಗುತ್ತದೆ ಎಂಬ ಅಂದಾಜು ಬಂತು. ಆರರಲ್ಲಿ ನಿಲ್ಲಬೇಕಿದ್ದದ್ದು ಐದರಲ್ಲಿ ನಿಂತರೆ ಕನ್ನಡಕ ತಪ್ಪುವುದಿಲ್ಲ. ಆ ಮಗು ಅರವತ್ತು ದಾಟಿದಾಗ ಪತ್ರಿಕೆ ಓದಬಲ್ಲದೇ ಎಂಬುದು ಮಾತ್ರ ಬದಲಾಗಬಹುದು.

‘ಹದಿನೆಂಟಾಗಲಿ, ಲೇಸಿಕ್ ಮಾಡಿಸಿದರಾಯ್ತು’ ಎಂಬ ಸಮಾಧಾನ ಬಹಳ ಮನೆಗಳಲ್ಲಿದೆ. ಲೇಸಿಕ್‌ನಲ್ಲಿ ಸರಿಪಡಿಸುವುದು ಕಣ್ಣಿನ ಮುಂಭಾಗದ ಕಾರ್ನಿಯಾವನ್ನು. ಕನ್ನಡಕ ತಪ್ಪುತ್ತದೆ, ಆದರೆ ಹಿಂದೆ ತೆಳುವಾದ ಗೋಡೆ, ಜಗ್ಗಿದ ರೆಟಿನಾ ಹಾಗೇ ಉಳಿಯುತ್ತವೆ. ಲೇಸಿಕ್ ಆದ ಮೇಲೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಿಕೊಳ್ಳಬೇಕು ಎಂದು ವೈದ್ಯರು ಹೇಳುವುದು ಅದಕ್ಕೇ.

ಕಣ್ಣು ಉದ್ದವಾಗಲು ಯಾರು ಹೇಳುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಕ್ಕ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಿಮ್ಮ ಮನೆಯಲ್ಲಿ ಮಾಡಬಹುದಾದ ಕೆಲಸದ ಬೇರು ಅಲ್ಲೇ ಇದೆ. 1977ರಲ್ಲಿ ವಿಜ್ಞಾನಿಗಳಾದ ಟಾರ್ಸ್ಟನ್ ವೀಸೆಲ್ ಮತ್ತು ಎಲಿಯೊ ರವಿಯೋಲ ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ಮರಿಕೋತಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು ಮುಚ್ಚಿದರೆ, ಆ ಕಣ್ಣು ಉದ್ದವಾಗಿ ಬೆಳೆದು ಸಮೀಪದೃಷ್ಟಿಗೆ ತುತ್ತಾಗುತ್ತಿತ್ತು. ಮರುವರ್ಷ ನ್ಯೂಯಾರ್ಕ್‌ನಲ್ಲಿ ಜೋಷ್ ವಾಲ್ಮನ್ ಕೋಳಿಮರಿಗಳಲ್ಲಿ ಅಂಥದ್ದನ್ನೇ ಕಂಡರು. ಮುಂದಿನ ಪ್ರಯೋಗಗಳು ಇನ್ನೂ ಸೋಜಿಗದವು. ಕಣ್ಣಿಗೂ ಮಿದುಳಿಗೂ ಇರುವ ನರವನ್ನೇ ಕತ್ತರಿಸಿದರೂ ಮಸುಕು ನೋಡಿದ ಕೋಳಿಮರಿಯ ಕಣ್ಣು ಉದ್ದವಾಗುತ್ತಿತ್ತು. ಕಣ್ಣಿನ ಅರ್ಧ ಭಾಗಕ್ಕೆ ಮಾತ್ರ ಮಸುಕು ಗಾಜು ಅಡ್ಡ ಹಿಡಿದರೆ ಹಿಂಬದಿಯ ಅಷ್ಟು ಭಾಗ ಮಾತ್ರ ಹಿಗ್ಗುತ್ತಿತ್ತು. ಅಂದರೆ ಬೆಳೆಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುವುದರಲ್ಲಿ ರೆಟಿನಾದ್ದೇ ದೊಡ್ಡ ಪಾತ್ರ. ಅದು ಹೊರಡಿಸುವ ರಾಸಾಯನಿಕ ಸೂಚನೆ ಕೋರಾಯ್ಡ್ ಮೂಲಕ ಸ್ಕ್ಲೀರಾ ತಲುಪುತ್ತದೆ. ಕೋಳಿಮರಿಗೆ ಪ್ಲಸ್ ಮಸೂರ ತೊಡಿಸಿದರೆ ಕೋರಾಯ್ಡ್ ದಪ್ಪವಾಗಿ ರೆಟಿನಾವನ್ನು ಮುಂದಕ್ಕೆ ತರುತ್ತದೆ, ಮೈನಸ್ ಮಸೂರ ತೊಡಿಸಿದರೆ ತೆಳುವಾಗಿ ಹಿಂದಕ್ಕೆ ಬಿಡುತ್ತದೆ ಎಂದು ವಾಲ್ಮನ್ ತಂಡ 1995ರಲ್ಲಿ ತೋರಿಸಿತು. ಮನುಷ್ಯರಲ್ಲಿ ಈ ಚಲನೆ ಕೆಲವೇ ಮೈಕ್ರಾನ್‌ಗಳಷ್ಟು, ಆದರೂ ಇದೆ. ಮಕ್ಕಳ ಕೋರಾಯ್ಡ್ ತೆಳುವಾಗುತ್ತಿದೆ ಎಂದರೆ ವೈದ್ಯರು ಹುಬ್ಬೇರಿಸುವುದು ಇದರಿಂದ. ಅದು ಆಗಿಹೋದ ಹಾನಿಯ ಗುರುತು ಮಾತ್ರವಾಗಿರದೆ, ಇನ್ನೂ ಬೆಳೆ ಎಂಬ ಸೂಚನೆ ಹಾದುಹೋಗುತ್ತಿರುವುದರ ಗುರುತೂ ಆಗಿರಬಹುದು.

ಆ ಸೂಚನೆಗಳಲ್ಲಿ ಡೋಪಮೈನ್ ಒಂದು. ಪ್ರಖರ ಬೆಳಕು ಬಿದ್ದಾಗ ರೆಟಿನಾ ಇದನ್ನು ಹೆಚ್ಚು ಬಿಡುಗಡೆ ಮಾಡುತ್ತದೆ. ಪ್ರಾಣಿಗಳಲ್ಲಿ ಇದು ಕಣ್ಣಿನ ಅತಿಬೆಳವಣಿಗೆಗೆ ತಡೆ ಹಾಕುತ್ತದೆ. ತರಗತಿಯೊಳಗೆ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಹೊರಗೆ ಹಗಲಲ್ಲಿ ಹತ್ತು ಸಾವಿರದಿಂದ ಲಕ್ಷದವರೆಗೆ ಹೋಗುತ್ತದೆ. ಮರದ ನೆರಳಿನಲ್ಲಿ ಕೂತರೂ ಕೋಣೆಯೊಳಗಿನದ್ದರ ಹಲವು ಪಟ್ಟು. ನಮ್ಮ ಮನೆಯ ಟ್ಯೂಬ್‌ಲೈಟ್ ಎಷ್ಟೇ ಚೆನ್ನಾಗಿ ಉರಿದರೂ ಈ ಅಂತರ ತುಂಬುವುದಿಲ್ಲ.

ಓದಿಗೂ ಸಮೀಪದೃಷ್ಟಿಗೂ ಇರುವ ನಂಟು ಮೊಬೈಲಿಗಿಂತ ಬಹಳ ಹಳೆಯದು. ಬ್ರೆಸ್ಲಾವ್ ನಗರದ ವೈದ್ಯ ಹರ್ಮನ್ ಕೋನ್ 10,060 ಶಾಲಾಮಕ್ಕಳ ಕಣ್ಣು ಪರೀಕ್ಷಿಸಿ 1867ರಲ್ಲಿ ಪುಸ್ತಕ ತಂದರು. ತರಗತಿ ಮೇಲೇರಿದಂತೆ ಸಮೀಪದೃಷ್ಟಿಯೂ ಏರುತ್ತಿತ್ತು. ಆಗ ಪರದೆಗಳಿರಲಿಲ್ಲ, ಪುಸ್ತಕ, ಮಬ್ಬು ಬೆಳಕಿನ ಕೋಣೆ, ಇಕ್ಕಟ್ಟಿನ ಮೇಜುಗಳಿದ್ದವು. ಹಾಗಾಗಿ ಫೋನ್ ಕಸಿದುಕೊಂಡು ಅದೇ ಕೋಣೆಯಲ್ಲಿ ಟ್ಯೂಷನ್ ನೋಟ್ಸ್ ಕೈಗಿಟ್ಟರೆ ಕಣ್ಣಿಗೆ ಹೆಚ್ಚೇನೂ ಸಿಗುವುದಿಲ್ಲ.

ಹೊರಗಿನ ಬೆಳಕಿನ ಪಾತ್ರವನ್ನು ಸಿಡ್ನಿ ಮತ್ತು ಸಿಂಗಾಪುರದ ಹೋಲಿಕೆ ಇನ್ನೂ ಖಚಿತ ಮಾಡಿತು. ಎರಡೂ ಕಡೆ ಆರೇಳು ವರ್ಷದ ಚೀನೀ ಮೂಲದ ಮಕ್ಕಳನ್ನೇ ನೋಡಲಾಯಿತು. ಸಿಂಗಾಪುರದಲ್ಲಿ ಶೇ. 29.1 ಮಕ್ಕಳಿಗೆ ಸಮೀಪದೃಷ್ಟಿ, ಸಿಡ್ನಿಯಲ್ಲಿ ಶೇ. 3.3. ಸಿಡ್ನಿಯ ಮಕ್ಕಳು ಓದುವುದರಲ್ಲಿ ಹಿಂದಿರಲಿಲ್ಲ. ಅವರು ವಾರಕ್ಕೆ ಸರಾಸರಿ 13.75 ಗಂಟೆ ಹೊರಗಿರುತ್ತಿದ್ದರು. ಸಿಂಗಾಪುರದ ಮಕ್ಕಳು 3.05 ಗಂಟೆ. 2008ರ ಈ ವರದಿಯ ನಂತರ ಚೀನಾದ ಗುವಾಂಗ್‌ಝೌನಲ್ಲಿ 12 ಶಾಲೆಗಳನ್ನು ಆರಿಸಿ ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷದ ಒಂದು ಹೊರಾಂಗಣ ಪೀರಿಯಡ್ ಸೇರಿಸಿದರು. ಮೂರು ವರ್ಷದ ಕೊನೆಗೆ ಅಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದ ಮಕ್ಕಳು ಶೇ. 30.4, ಉಳಿದ ಶಾಲೆಗಳಲ್ಲಿ ಶೇ. 39.5. ಒಂದು ಪೀರಿಯಡ್ಡಿನಿಂದ ನೂರರಲ್ಲಿ ಒಂಬತ್ತು ಮಕ್ಕಳು! ತೈವಾನ್ 2010ರಲ್ಲಿ ದಿನಕ್ಕೆ ಎರಡು ಗಂಟೆ ಹೊರಗಿರುವ ಕಾರ್ಯಕ್ರಮವನ್ನು ಶಾಲೆಗಳಿಗೆ ತಂದಿತು. ಬಹುಕಾಲದಿಂದ ಏರುತ್ತಲೇ ಇದ್ದ, ದೃಷ್ಟಿ ಕುಂದಿದ ಶಾಲಾಮಕ್ಕಳ ಪ್ರಮಾಣ ಅಲ್ಲಿ ಇಳಿಮುಖವಾಯಿತು.

ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಕೋವಿಡ್ ತೋರಿಸಿತು. ಚೀನಾದ ಫೇಚೆಂಗ್‌ನಲ್ಲಿ ವರ್ಷ ವರ್ಷ ನಡೆಯುತ್ತಿದ್ದ ಶಾಲಾ ತಪಾಸಣೆಯಲ್ಲಿ ಆರು ವರ್ಷದವರಲ್ಲಿ ಸಮೀಪದೃಷ್ಟಿ 2015ರಿಂದ 2019ರವರೆಗೆ ಶೇ. 5.7 ದಾಟಿರಲಿಲ್ಲ. ಲಾಕ್‌ಡೌನ್ ಮುಗಿದ 2020ರಲ್ಲಿ ಅದು ಶೇ. 21.5ಕ್ಕೆ ಜಿಗಿಯಿತು. ಹದಿಮೂರರ ಮಕ್ಕಳಲ್ಲಿ ಅಂಥ ಜಿಗಿತವೇನೂ ಕಾಣಲಿಲ್ಲ. ಚಿಕ್ಕ ಕಣ್ಣೇ ಹೆಚ್ಚು ಮೆದು. ಅದೇ ವರ್ಷ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠ ನಿಲ್ಲಿಸಲು ಹೊರಟದ್ದು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಪಾಠ ತಪ್ಪಬಾರದು ಎಂಬ ವಾದಕ್ಕೆ ಬಲವಿತ್ತು. ಆದರೆ ಪರದೆ ಬೇಕೋ ಬೇಡವೋ ಎಂಬ ಆ ಜಗಳದಲ್ಲಿ ಮಗು ದಿನಕ್ಕೆ ಎಷ್ಟು ಹೊತ್ತು ಬಿಸಿಲಲ್ಲಿ ಇದೆ ಎಂಬ ಪ್ರಶ್ನೆ ಎದ್ದದ್ದು ಕಡಿಮೆ.

ಭಾರತದ ಅಂಕಿಗಳು ಚೀನಾ, ಸಿಂಗಾಪುರದಷ್ಟು ಕೆಟ್ಟಿಲ್ಲ, ಇನ್ನೂ ಇಲ್ಲ. ದೆಹಲಿಯ ಏಮ್ಸ್ ವೈದ್ಯರು 9,884 ಶಾಲಾಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಕೊಟ್ಟ ಲೆಕ್ಕ ಶೇ. 13.1. ಸರ್ಕಾರಿ ಶಾಲೆಗಿಂತ ಖಾಸಗಿ ಶಾಲೆಯ ಮಕ್ಕಳಲ್ಲಿ ಹೆಚ್ಚು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊರಗಿರುವವರಲ್ಲಿ ಕಡಿಮೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಸಂಶೋಧಕರು ದೇಶದ ಹಲವು ಅಧ್ಯಯನಗಳನ್ನು ಜೋಡಿಸಿ 2021ರಲ್ಲಿ ಪ್ರಕಟಿಸಿದ ಅಂದಾಜು ಹೀಗಿದೆ: ನಗರಗಳ 5ರಿಂದ 15 ವರ್ಷದ ಮಕ್ಕಳಲ್ಲಿ 1999ರಲ್ಲಿ ಶೇ. 4.44 ಇದ್ದ ಸಮೀಪದೃಷ್ಟಿ 2019ಕ್ಕೆ ಶೇ. 21.15 ಆಗಿತ್ತು; ಇದೇ ದಾರಿಯಲ್ಲಿ ಸಾಗಿದರೆ 2050ಕ್ಕೆ ಶೇ. 48.14. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಮೈದಾನವಿಲ್ಲದ ಶಾಲೆಯಲ್ಲಿ, ಎಂಟನೇ ತರಗತಿಗೇ ನೀಟ್ ಕೋಚಿಂಗ್ ಶುರುಮಾಡುವ ಊರುಗಳಲ್ಲಿ ಬೆಳೆಯುವ ಮಕ್ಕಳು ಈ ಲೆಕ್ಕದ ಹೊರಗಿದ್ದಾರೆ ಎಂದು ನಂಬಲು ಕಾರಣವಿಲ್ಲ.

ಇನ್ನು ಒಂದು ಮಾತನ್ನು ಖಂಡತುಂಡವಾಗಿ ಹೇಳಬೇಕು. ಕನ್ನಡಕ ಹಾಕಿದರೆ ನಂಬರ್ ಹೆಚ್ಚುತ್ತದೆ ಎಂಬುದು ಸುಳ್ಳು. ಹೆಣ್ಣುಮಗು ಎಂಬ ಕಾರಣಕ್ಕೆ, ಮುಂದೆ ಮದುವೆಗೆ ತೊಡಕಾದೀತು ಎಂಬ ಅಂಜಿಕೆಗೆ, ಮನೆಯಲ್ಲಿದ್ದಾಗ ತೆಗೆದಿಡು ಎನ್ನುವವರಿದ್ದಾರೆ. ಸ್ವಲ್ಪ ಕಡಿಮೆ ನಂಬರೇ ಬರೆದುಕೊಡಿ ಎಂದು ಕೇಳುವವರೂ ಇದ್ದಾರೆ. ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಮಲೇಷ್ಯಾದಲ್ಲಿ 94 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೂರ್ತಿ ನಂಬರ್, ಇನ್ನೊಂದಕ್ಕೆ ಬೇಕೆಂದೇ ಕಡಿಮೆ ನಂಬರ್ ಕೊಟ್ಟರು. ಎರಡು ವರ್ಷದ ನಂತರ ಕಡಿಮೆ ನಂಬರ್ ಹಾಕಿದ ಮಕ್ಕಳ ಸಮೀಪದೃಷ್ಟಿಯೇ ಹೆಚ್ಚು ಏರಿತ್ತು. 2002ರಲ್ಲೇ ಇದು ಪ್ರಕಟವಾಗಿದೆ. ನಂಬರ್ ಏರುವುದು ಕಣ್ಣು ಬೆಳೆಯುವುದರಿಂದ. ಕನ್ನಡಕ ಆ ಬೆಳವಣಿಗೆಯ ಹಿಂದೆ ಓಡುತ್ತಿರುತ್ತದೆ ಅಷ್ಟೆ.

ಹಾಗಾದರೆ ವೈದ್ಯರ ಬಳಿ ಹೋದಾಗ ಏನು ಕೇಳಬೇಕು? ಮೊದಲು, ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿ ಪರೀಕ್ಷಿಸಿ ಎಂದು ಕೇಳಿ. ಡ್ರಾಪ್ಸ್ ಇಲ್ಲದೆ ನೋಡಿದರೆ ಮಗುವಿನ ಕಣ್ಣು ಹತ್ತಿರಕ್ಕೆ ಹೊಂದಿಸಿಕೊಂಡುಬಿಟ್ಟು ಸುಳ್ಳು ನಂಬರ್ ತೋರಿಸಬಹುದು. ರೆಟಿನಾದ ಅಂಚಿನವರೆಗೆ ನೋಡಲೂ ಪಾಪೆ ಅಗಲಿಸಲೇಬೇಕು. ಕಣ್ಣಿನ ಉದ್ದ ಅಳೆಯಲು ಸಾಧ್ಯವೇ ಎಂದು ಕೇಳಿ. ಕಣ್ಣಿಗೆ ಏನೂ ತಾಗಿಸದೆ ಬೆಳಕಿನಿಂದಲೇ ಅಳೆಯುವ ಯಂತ್ರ ಬಹಳಷ್ಟು ದೊಡ್ಡ ಕಣ್ಣಾಸ್ಪತ್ರೆಗಳಲ್ಲಿದೆ; ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚೆ ಹಿರಿಯರಿಗೆ ಬಳಸುವುದು ಅದನ್ನೇ. ಆರು ತಿಂಗಳಿಗೊಮ್ಮೆ ಆ ಅಳತೆ ಬರೆದಿಟ್ಟುಕೊಂಡರೆ, ಬೆಳವಣಿಗೆಯ ವೇಗ ನಂಬರಿಗಿಂತ ನಿಖರವಾಗಿ ಗೊತ್ತಾಗುತ್ತದೆ.

ವೇಗ ತಗ್ಗಿಸುವ ಚಿಕಿತ್ಸೆಗಳಿವೆ, ಅವುಗಳ ಬಗ್ಗೆ ಉತ್ಪ್ರೇಕ್ಷೆ ಬೇಡ. ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಗಳು ಭಾರತದಲ್ಲಿ ಸಿಗುತ್ತವೆ. ಹಾಂಗ್‌ಕಾಂಗ್‌ನಲ್ಲಿ 4ರಿಂದ 12 ವರ್ಷದ 438 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ, ಔಷಧವಿಲ್ಲದ ಹನಿ ಹಾಕಿಸಿಕೊಂಡವರ ನಂಬರ್ ವರ್ಷಕ್ಕೆ ಸರಾಸರಿ 0.81 ಏರಿದರೆ, ಶೇ. 0.05 ಅಟ್ರೋಪಿನ್ ಹಾಕಿಸಿಕೊಂಡವರದ್ದು 0.27, ಶೇ. 0.01 ಹಾಕಿಸಿಕೊಂಡವರದ್ದು 0.59 ಏರಿತು. ಈ ಹನಿ ಹಾಕಿದ ಮಕ್ಕಳಲ್ಲಿ ಕೋರಾಯ್ಡ್ ಸ್ವಲ್ಪ ದಪ್ಪವಾದದ್ದೂ ಕಂಡಿತು, ಮೇಲಿನ ಕೋಳಿಮರಿಯ ಕಥೆಗೆ ಅದು ತಾಳೆಯಾಗುತ್ತದೆ. ಎಷ್ಟು ಪ್ರಮಾಣ, ಎಷ್ಟು ವರ್ಷ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ಥಟ್ಟನೆ ನಿಲ್ಲಿಸಿದರೆ ಏರಿಕೆ ಮರುಕಳಿಸುವುದುಂಟು. ಮಧ್ಯದಲ್ಲಿ ಪೂರ್ತಿ ನಂಬರ್ ಇದ್ದು ಸುತ್ತ ನೂರಾರು ಪುಟ್ಟ ಮಸೂರಗಳಿರುವ ಕನ್ನಡಕಗಳೂ ಬಂದಿವೆ. ಹಾಂಗ್‌ಕಾಂಗ್‌ನಲ್ಲೇ ನಡೆದ ಎರಡು ವರ್ಷದ ಪರೀಕ್ಷೆಯಲ್ಲಿ ಅಂಥದ್ದೊಂದು ಏರಿಕೆಯನ್ನು ಅರ್ಧದಷ್ಟು ತಗ್ಗಿಸಿತು. ಬೆಲೆ ಎಲ್ಲರ ಕೈಗೆಟುಕುವಂಥದ್ದಲ್ಲ, ಮತ್ತು ಮಗು ಅದನ್ನು ದಿನವಿಡೀ ಹಾಕಿಕೊಂಡರೆ ಮಾತ್ರ ಪ್ರಯೋಜನ. ಕೆಂಪು ಬೆಳಕಿನ ಯಂತ್ರದಲ್ಲಿ ಕಣ್ಣಿಟ್ಟು ನೋಡುವ ಚಿಕಿತ್ಸೆ ಚೀನಾದಲ್ಲಿ ಬಹಳ ಹರಡಿತು. 2023ರಲ್ಲಿ ಅಲ್ಲಿನ 12 ವರ್ಷದ ಬಾಲಕಿಯೊಬ್ಬಳ ರೆಟಿನಾಕ್ಕೆ ಅದರಿಂದ ಹಾನಿಯಾದ ವರದಿ ಬಂದಿದೆ. ಇಂಟರ್ನೆಟ್ಟಿನಲ್ಲಿ ಸಿಗುತ್ತದೆಂದು ಅದನ್ನು ತರಿಸಿಕೊಳ್ಳುವ ಸಾಹಸ ದಯವಿಟ್ಟು ಬೇಡ.

ಹೊರಾಂಗಣದ ವಿಷಯದಲ್ಲೂ ಒಂದು ಎಚ್ಚರಿಕೆ. ಬಿಸಿಲಿನ ಹೊತ್ತು ಸಮೀಪದೃಷ್ಟಿ ಬರುವುದನ್ನು ತಡೆಯುವಷ್ಟು ಚೆನ್ನಾಗಿ, ಬಂದದ್ದರ ಏರಿಕೆಯನ್ನು ತಡೆಯುವುದಿಲ್ಲ. ಆದ್ದರಿಂದ ಈಗಾಗಲೇ ಕನ್ನಡಕ ಬಂದ ಮಗುವಿಗೆ ಆಟದ ಜೊತೆ ವೈದ್ಯರ ನಿಗಾವೂ ಬೇಕು. ಇನ್ನೂ ಕನ್ನಡಕ ಬಾರದ ತಮ್ಮ ತಂಗಿಯರಿಗೆ ಆಟವೇ ದೊಡ್ಡ ರಕ್ಷೆ. ಅಣ್ಣನನ್ನು ವೈದ್ಯರ ಬಳಿಗೆ ಕರೆದೊಯ್ಯುವಾಗ ಅವರನ್ನೂ ಕರೆದೊಯ್ಯಿರಿ. ಅಪ್ಪ ಅಮ್ಮ ಇಬ್ಬರಿಗೂ ಸಮೀಪದೃಷ್ಟಿ ಇದ್ದರಂತೂ ತಪ್ಪಿಸಬೇಡಿ. ಒಂದನೇ ತರಗತಿಯ ಮಗುವಿಗೆ ಸ್ವಲ್ಪ ಪ್ಲಸ್ ನಂಬರ್ ಇರುವುದು ಸಹಜ. ಆ ವಯಸ್ಸಿಗೇ ಅದು ಸೊನ್ನೆಗೆ ಬಂದಿದ್ದರೆ ಮೈನಸ್ ಹತ್ತಿರದಲ್ಲಿದೆ ಎಂದು ತಿಳಿಯಬಹುದು, ಮತ್ತು ಮಗುವನ್ನು ಆಟಕ್ಕೆ ಹೊರಗೆ ಬಿಡಲು ಅದೇ ಸರಿಯಾದ ಸಮಯ.

ನಂಬರ್ ಹೆಚ್ಚಿರುವ ಮಕ್ಕಳು ಕಣ್ಣಿನ ಮುಂದೆ ಮಿಂಚು ಹೊಡೆದಂತಾಗುತ್ತಿದೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾಗಿವೆ, ಒಂದು ಬದಿಯಿಂದ ಪರದೆ ಎಳೆದಂತೆ ಕತ್ತಲಾಗುತ್ತಿದೆ ಎಂದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಅದು ರೆಟಿನಾ ಕಳಚಿಕೊಳ್ಳುತ್ತಿರುವುದರ ಸೂಚನೆಯಾಗಿರಬಹುದು. ಮಕ್ಕಳು ಇಂಥವನ್ನು ತಾವಾಗಿ ಹೇಳುವುದು ಕಡಿಮೆ. ಹೀಗಾದರೆ ತಕ್ಷಣ ನಮಗೆ ಹೇಳು ಎಂದು ಮೊದಲೇ ತಿಳಿಸಿಡಿ.

ಶಾಲೆಯ ಪೋಷಕರ ಸಭೆ ಮುಂದಿನ ಸಲ ನಡೆದಾಗ ಅಂಕಗಳ ಮಾತಿನ ನಡುವೆ ಇದನ್ನೂ ಎತ್ತಿ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಡಲಾಗುತ್ತಿದೆಯೇ? ಬಿಸಿಯೂಟ ಅಥವಾ ಬುತ್ತಿಯನ್ನು ತರಗತಿಯಲ್ಲಿ ತಿನ್ನಿಸುವ ಬದಲು ಮರದಡಿಯಲ್ಲೋ ಜಗಲಿಯಲ್ಲೋ ಕೂರಿಸಬಹುದೇ? ವಾರಕ್ಕೆ ಕೆಲವು ಕನ್ನಡ, ಪರಿಸರ ಅಧ್ಯಯನದ ಪಾಠಗಳನ್ನು ಹೊರಗೆ ಮಾಡಬಹುದೇ? ಗುವಾಂಗ್‌ಝೌನ ಶಾಲೆಗಳು ಸೇರಿಸಿದ್ದು 40 ನಿಮಿಷ. ಮೈದಾನವೇ ಇಲ್ಲದ ಶಾಲೆಯಾದರೆ ಹತ್ತಿರದ ಉದ್ಯಾನವನವನ್ನು ಬಳಸಲು ಪಾಲಿಕೆಯನ್ನು ಕೇಳಬಹುದು. ಒಬ್ಬ ತಂದೆ ಕೇಳುವುದಕ್ಕಿಂತ ಇಡೀ ತರಗತಿಯ ಪೋಷಕರು ಸಹಿ ಹಾಕಿ ಕೇಳಿದರೆ ಅಧಿಕಾರಿಗಳು ಬೇಗ ಓಗೊಡುತ್ತಾರೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಶಾಲೆಗಳಿಗೆ ಇದು ಕಷ್ಟ ನಿಜ, ಅಲ್ಲಿ ಮಳೆ ಬಿಡುವು ಕೊಟ್ಟ ಗಂಟೆಗಳನ್ನು ಶಿಕ್ಷಕರೇ ಗುರುತಿಸಿ ಮಕ್ಕಳನ್ನು ಹೊರಬಿಡಬೇಕಾಗುತ್ತದೆ. ಆ ಸ್ವಾತಂತ್ರ್ಯವನ್ನು ಅವರಿಗೆ ಕೊಡುವಂತೆ ಮುಖ್ಯೋಪಾಧ್ಯಾಯರನ್ನು ಒಪ್ಪಿಸುವ ಕೆಲಸ ನಿಮ್ಮದು.